ಪೂರ್ತಿ ಒಂದು ನಿಮಿಷ

"ಇಷ್ಟು ಸರಿಯಾಗಿ ಯಾರು ಎಣಿಸಿದ್ದು ಇದನ್ನ?"

ಕೇಳಿದ್ದು ಯಾರನ್ನೂ ಅಲ್ಲ. ದಾಖಲೆಗಳ ಕೋಣೆಯಲ್ಲಿ ಅವಳ ಹೊರತು ನರಪಿಳ್ಳೆಯೂ ಇರಲಿಲ್ಲ. ಗುಮಾಸ್ತ ಕಡತವನ್ನು ಹುಡುಕಿ ಕೊಟ್ಟು, ನೋಡಿ ಅಲ್ಲೇ ಇಡಿ ಡಾಕ್ಟರಮ್ಮ, ಎಂದು ಹೇಳಿ ಹೊರಗೆ ಹೋಗಿದ್ದ. ಅವಳ ಮಾತು ಗೋಡೆಯುದ್ದಕ್ಕೂ ಪೇರಿಸಿಟ್ಟ ಕಾಗದದ ಕಟ್ಟುಗಳಿಗೆ ತಾಗಿ ಅಲ್ಲೇ ಇಂಗಿಹೋಯಿತು. ಮೇಜಿನ ಮೇಲೆ ಬಿಡಿಸಿಟ್ಟ ಹಾಳೆಯಲ್ಲಿ ನಾಲ್ಕು ಅಂಕಣಗಳು: ನಾಡಿ, ರಕ್ತದೊತ್ತಡ, ಆಮ್ಲಜನಕ, ಉಸಿರು. ಮೊದಲ ಮೂರರಲ್ಲಿ ಬೆಚ್ಚಿಬೀಳುವಂಥದ್ದೇನೂ ಇಲ್ಲ. ನಾಲ್ಕನೆಯದರಲ್ಲಿ, ಏಳು ಗಂಟೆಗೆ ಮೂವತ್ತೊಂದು, ಎಂಟಕ್ಕೆ ಮೂವತ್ತನಾಲ್ಕು, ಒಂಬತ್ತಕ್ಕೆ ಮೂವತ್ತೇಳು, ಹತ್ತಕ್ಕೆ ನಲವತ್ತೊಂದು. ಅವಳು ಕಾಲಿಟ್ಟ ಯಾವ ಆಸ್ಪತ್ರೆಯಲ್ಲೂ ಆ ಅಂಕಣಕ್ಕೆ ಇರುವುದು ಒಂದೇ ಸಂಖ್ಯೆ, ಇಪ್ಪತ್ತು. ಗೊರಕೆ ಹೊಡೆಯುವವನಿಗೂ ಇಪ್ಪತ್ತು, ಏದುಸಿರು ಬಿಡುವವನಿಗೂ ಇಪ್ಪತ್ತು. ಮಿಕ್ಕದ್ದಕ್ಕೆಲ್ಲ ಯಂತ್ರಗಳಿವೆ, ಉಸಿರಿಗೆ ಮಾತ್ರ ಒಬ್ಬರು ಮಂಚದ ಪಕ್ಕ ನಿಂತು, ಎದೆ ಏರುವುದನ್ನು ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದು ನಿಮಿಷ ಯಾರ ಹತ್ತಿರ ಇದೆ? ಕೆಲವರು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುತ್ತಾರೆ, ಅವರೇ ಪುಣ್ಯವಂತರು. ಆದರೆ ದುಪ್ಪಟ್ಟು ಮಾಡಿದವರಿಗೆ ಬೆಸ ಸಂಖ್ಯೆ ಬರುವುದಿಲ್ಲ. ಮೂವತ್ತೊಂದು, ಮೂವತ್ತೇಳು, ನಲವತ್ತೊಂದು. ಅವಳ ಬೆರಳು ಆ ಬೆಸ ಸಂಖ್ಯೆಗಳ ಮೇಲೆ ಒಂದೊಂದಾಗಿ ನಿಂತು ಕೆಳಗಿನ ಸಾಲಿಗೆ ಇಳಿಯಿತು. 'ಹತ್ತು ಹತ್ತಕ್ಕೆ ಡಾಕ್ಟರಿಗೆ ಫೋನಿನಲ್ಲಿ ತಿಳಿಸಲಾಗಿದೆ.' ಆ ಡಾಕ್ಟರು ಅವಳೇ. ರೋಗಿ, ಬೇಕರಿಯ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತಿದ್ದ ನಲವತ್ಮೂರರ ಗಂಡಸು, ಕಳೆದ ಗುರುವಾರ ಸಂಜೆ ನಾಲ್ಕೂವರೆಗೆ ತೀರಿಕೊಂಡಿದ್ದ.

ಇವತ್ತು ಮೂರು ಗಂಟೆಗೆ ಸಾವುಗಳ ವಿಮರ್ಶೆಯ ಸಭೆ. ಅದಕ್ಕೆ ಅರ್ಧ ಗಂಟೆ ಮೊದಲು ತನ್ನ ಕೋಣೆಗೆ ಬಂದು ಹೋಗಬೇಕೆಂದು ಸೂಪರಿಂಟೆಂಡೆಂಟ್ ಬೆಳಿಗ್ಗೆಯೇ ಫೋನು ಮಾಡಿದ್ದ. ಆ ಹಾಳೆ ಗಲೀಜಾಗಿದೆ, ಶುದ್ಧ ಪ್ರತಿ ಮಾಡಿಸಿಟ್ಟಿದ್ದೇನೆ, ನೀನೊಂದು ಸಹಿ ಹಾಕಿದರೆ ಆಯಿತು ಎಂದಿದ್ದ. ಗಲೀಜು ಎಲ್ಲಿ? ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಅಕ್ಷರ ತಿದ್ದಿಲ್ಲ, ಒಂದು ಹನಿ ಬಿದ್ದಿಲ್ಲ. ಇಷ್ಟು ಚೊಕ್ಕವಾದ ಹಾಳೆಯನ್ನು ಅವಳು ಈ ವರ್ಷ ನೋಡಿರಲಿಲ್ಲ. ಕಡತವನ್ನು ಮುಚ್ಚಿದಳು, ಕಂಕುಳಲ್ಲಿ ಇಟ್ಟುಕೊಂಡಳು, ಬಾಗಿಲಿನ ತನಕ ಹೋಗಿ, ಅಲ್ಲೇ ಇಡಿ ಎಂದ ಗುಮಾಸ್ತನ ಮಾತು ನೆನಪಾಗಿ ನಿಂತಳು, ಇಡಲಿಲ್ಲ.

ಅವಳನ್ನು ಒಂದು ಕಾಲಕ್ಕೆ ಇಪ್ಪತ್ತು ಎಂದೇ ಕರೆಯುತ್ತಿದ್ದರು. ಕಣ್ಣು, ಚರ್ಮ, ಹೆರಿಗೆ, ಹೆಂಗಸಿಗೆ ಹೊಂದುವ ವಿಭಾಗಗಳು ಬೇಕಾದಷ್ಟಿವೆ, ಕಫ ಕೆಮ್ಮುವವರ ನಡುವೆ ನಿನಗೇನು ಕೆಲಸ ಎಂದು ಎಲ್ಲರೂ ಹೇಳಿದ್ದಕ್ಕೆ, ಹಾಗೆ ಹೇಳಿದ್ದಕ್ಕೇ, ಅವಳು ಶ್ವಾಸಕೋಶದ ವಿಭಾಗ ಸೇರಿದ್ದಳು. ಅಲ್ಲಿನ ಮೇಷ್ಟ್ರು ಹೆಗಲ ಮೇಲೆ ಒಂದು ಟವಲು ಹಾಕಿಕೊಂಡೇ ರೌಂಡ್ಸಿಗೆ ಬರುವವರು. ಮಂಚದ ಹತ್ತಿರ ಬಂದೊಡನೆ ಟವಲನ್ನು ಮಾನಿಟರಿನ ಮೇಲೆ ಎಸೆದು, ಮಿಣಮಿಣ ಎನ್ನುವ ಅಂಕಿಗಳನ್ನೆಲ್ಲ ಮುಚ್ಚಿ, ಈಗ ಹೇಳಮ್ಮ, ಎನ್ನುವರು. ಎರಡನೆಯ ವಾರದಲ್ಲಿ ಅವಳು ಒಬ್ಬ ಮುದುಕನ ಹಾಳೆಯಲ್ಲಿ ಇಪ್ಪತ್ತು ಎಂದು ಬರೆದಿದ್ದಳು, ಎಲ್ಲರೂ ಬರೆಯುವ ಹಾಗೆ. ಮೇಷ್ಟ್ರು ಹಾಳೆ ನೋಡಿದರು, ಮುದುಕನನ್ನು ನೋಡಿದರು, ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟರು. ಹನ್ನೊಂದು ಜನ ಸಹಪಾಠಿಗಳ ಮುಂದೆ, ಜೋರಾಗಿ, ಅವಳು ಎಣಿಸಬೇಕಾಯಿತು. ಇಪ್ಪತ್ತು ಬಂದಾಗ ಅರ್ಧ ನಿಮಿಷವೂ ಆಗಿರಲಿಲ್ಲ. ಮೂವತ್ತರ ಹೊತ್ತಿಗೆ ಯಾರೋ ಕಿಸಕ್ಕೆಂದರು, ನಲವತ್ನಾಲ್ಕಕ್ಕೆ ನಿಮಿಷ ಮುಗಿಯಿತು. ಮೇಷ್ಟ್ರು ಬೈಯಲಿಲ್ಲ. ಇವನು ಎರಡು ದಿನದಿಂದ ನಿನ್ನನ್ನು ಕೂಗಿ ಕರೆಯುತ್ತಿದ್ದಾನೆ ತಾಯಿ, ಎಂದಷ್ಟೇ ಹೇಳಿ ಟವಲು ಎಳೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಆವತ್ತಿನಿಂದ ಊಟದ ಮನೆಯಲ್ಲಿ, ಮೆಟ್ಟಿಲ ಮೇಲೆ, ಇಪ್ಪತ್ತು ಬಂದಳು ಇಪ್ಪತ್ತು ಹೋದಳು. ಮೊದಲು ಕಿಸಕ್ಕೆಂದವನು ಒಂಟೆ. ಬಿದಿರಿನ ಗಳದಂತಿದ್ದ, ಕತ್ತು ಮುಂದೆ ಚಾಚಿ ನಡೆಯುತ್ತಿದ್ದ ಆ ಸಹಪಾಠಿ ಈಗ ಸೂಪರಿಂಟೆಂಡೆಂಟ್. ಈ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಇಪ್ಪತ್ತು ಎನ್ನುವ ಹೆಸರಿನಿಂದ ಅವನು ಇವತ್ತು ಬೆಳಿಗ್ಗೆ ಫೋನಿನಲ್ಲಿ ಅವಳನ್ನು ಕರೆದಿದ್ದ.

ಮೇಷ್ಟ್ರ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ. ಟವಲಿನ ಬದಲು ಶಸ್ತ್ರಚಿಕಿತ್ಸೆಯ ಕೋಣೆಯ ಒಂದು ಹಸಿರು ಬಟ್ಟೆ, ಅಷ್ಟೇ ವ್ಯತ್ಯಾಸ. ಹನ್ನೆರಡು ವರ್ಷ ಹೋರಾಡಿ, ಆರು ಮಂಚದ ಐಸಿಯುವನ್ನು ಹದಿನೆಂಟು ಮಾಡಿ, ಎಳೆಯ ಡಾಕ್ಟರುಗಳನ್ನು ತಿದ್ದಿ ತೀಡಿ, ಇಲ್ಲೊಂದು ತರಬೇತಿಯ ವಿಭಾಗ ಆಗಲೇಬೇಕೆಂದು ಅವಳು ತುಳಿಯದ ಮೆಟ್ಟಿಲಿಲ್ಲ. ಕಳೆದ ಗುರುವಾರ ಬೆಳಿಗ್ಗೆ ಪರಿಶೀಲನೆಗೆ ಬಂದ ಮೂವರು ಹಿರಿಯರು ಅವಳೆದುರು ಕೂತಿದ್ದರು. ಮೂವರಲ್ಲಿ ಒಬ್ಬರು, ಹೆಂಗಸೊಬ್ಬಳೇ ಇಷ್ಟನ್ನು ಹೇಗೆ ನಿಭಾಯಿಸುತ್ತೀರಿ, ಎಂದು ಕೇಳಿದ್ದರು. ಅದಕ್ಕೆ ಒಂದು ಚೂಪಾದ ಉತ್ತರ ಅವಳ ನಾಲಗೆಯ ತುದಿಗೆ ಬಂದಿತ್ತು. ಆಗ ಫೋನು ಬಂತು. ಎಂಟನೇ ವಾರ್ಡಿನ ಸಿಸ್ಟರ್. ಅವಳು ಎದ್ದು ಕಿಟಕಿಯ ಹತ್ತಿರವೂ ಹೋಗಲಿಲ್ಲ, ಕೂತಲ್ಲಿಯೇ, ನೂರಕ್ಕೆ ಎಷ್ಟಿದೆ, ಎಂದು ಕೇಳಿದಳು. ಬೆರಳಿನ ಕ್ಲಿಪ್ಪು ತೋರಿಸುವ ಆಮ್ಲಜನಕದ ಸಂಖ್ಯೆ. ತೊಂಬತ್ನಾಲ್ಕು ಮೇಡಂ, ಮಾಸ್ಕಿನಲ್ಲಿ. ಹಾಗಾದರೆ ಮಧ್ಯಾಹ್ನ ನೋಡೋಣ. ಆ ಕಡೆಯಿಂದ 'ಮೇಡಂ, ಆದ್ರೆ' ಎನ್ನುವಷ್ಟು ಕೇಳಿಸಿತ್ತು. ಕೇಳಿಸಿತ್ತು, ಇಲ್ಲವೆಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾರಳು. ಆದರೆ ಎನ್ನುವ ಮಾತಿನ ಆಚೆಗೆ ನಲವತ್ತೊಂದು ಇತ್ತು. ಅವಳು ಫೋನಿಟ್ಟು, ಹಿರಿಯರ ಕಡೆ ತಿರುಗಿ, ಆ ಚೂಪಾದ ಉತ್ತರ ಕೊಟ್ಟಳು, ಮೂವರೂ ನಕ್ಕರು. ಒಂದೂವರೆಗೆ ಬೇಕರಿಯವನ ತುಟಿ ಕಪ್ಪಾಯಿತು. ಅವಳು ಓಡಿದಳು, ತಾನೇ ಕೊಳವೆ ಹಾಕಿದಳು, ತಾನೇ ಎದೆ ಒತ್ತಿದಳು. ಬೆಳಗಿನಿಂದ ದಣಿದ ಎದೆ ಅದು, ಮತ್ತೆ ಮಾತು ಕೇಳಲಿಲ್ಲ.

ಅದಾದ ಮೇಲಿನದ್ದೇ ನುಂಗಲಾರದ ತುತ್ತು. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಅವನ ಚಪ್ಪಲಿಗಳನ್ನು ಒಂದು ಚೀಲದೊಳಗೆ ಹಿಡಿದುಕೊಂಡು. ಸಾವನ್ನು ಹೇಳುವುದು ಹೇಗೆಂದು ಡಾಕ್ಟರಮ್ಮ ಎಳೆಯರಿಗೆ ಪಾಠ ಮಾಡುತ್ತಾಳೆ: ಕೂತುಕೊಂಡು ಹೇಳಿ, ಸತ್ತರು ಎನ್ನುವ ಶಬ್ದವನ್ನೇ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಕೂತಳು, ಹೇಳಿದಳು, ಬಾಯಿ ಮಾತ್ರ ಮುಚ್ಚಲಿಲ್ಲ. ಒಂದು ದಿನ ಮೊದಲೇ ಕರೆದುಕೊಂಡು ಬಂದಿದ್ದರೆ ಚೆನ್ನಾಗಿತ್ತು, ಎಂದಳು. ಆ ಹೆಂಗಸು ತಲೆಯೆತ್ತಿ ನೋಡಿ, ನಿಧಾನಕ್ಕೆ ಒಪ್ಪಿಕೊಂಡಳು. ಹೌದು, ನಾನು ಮಂಗಳವಾರವೇ ಹೇಳಿದ್ದೆ, ಅವರು ಕೇಳಲಿಲ್ಲ, ನಾನು ಜೋರು ಮಾಡಬೇಕಿತ್ತು, ನನ್ನದೇ ತಪ್ಪು. ಒಪ್ಪಿಕೊಂಡು ಚಪ್ಪಲಿಯ ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ. ಐದು ದಿನದಿಂದ ಆ 'ಹೌದು' ಡಾಕ್ಟರಮ್ಮ ಹಲ್ಲುಜ್ಜುವಾಗ, ದೀಪ ಹಚ್ಚಿ ಕೈಮುಗಿಯುವಾಗ, ಗಂಡ ಪಕ್ಕದಲ್ಲಿ ಕೂತು ಶಾಲೆಯ ಮಕ್ಕಳ ಲೆಕ್ಕದ ಉತ್ತರಪತ್ರಿಕೆ ತಿದ್ದುವಾಗ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಗಂಡನಿಗೆ ಎಲ್ಲ ಹೇಳಿದ್ದಳು. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿ, ನಮ್ಮ ಹುಡುಗರು ತಪ್ಪು ಲೆಕ್ಕವನ್ನು ಹೊಡೆದುಹಾಕಿದರೂ ಅರ್ಧ ಅಂಕ ಕೊಡ್ತೀವಿ, ಹಾಳೆ ಹರಿದರೆ ಮಾತ್ರ ಸೊನ್ನೆ, ಎಂದಿದ್ದ. ಶಾಲೆ ಮೇಷ್ಟ್ರ ಬುದ್ಧಿ, ಎಂದು ಅವಳು ರೇಗಿದ್ದಳು.

ದಾಖಲೆಗಳ ಕೋಣೆಯಿಂದ ಎಂಟನೇ ವಾರ್ಡಿಗೆ ಅವಳು ಹೋದದ್ದು ಒಳ್ಳೆಯ ಮನಸ್ಸಿನಿಂದ ಅಲ್ಲ. ಅದನ್ನು ಮೆಟ್ಟಿಲು ಹತ್ತುವಾಗಲೇ ಬಲ್ಲಳು. ಆ ಹಾಳೆ ಬರೆದ ಹೊಸ ಸಿಸ್ಟರ್ ಸೇರಿ ಆರು ತಿಂಗಳು. ಕೈ ಇನ್ನೂ ಕುದುರಿಲ್ಲ. ಯಾರಿಗೆ ಗೊತ್ತು, ಅಂದಾಜಿಗೆ ಗೀಚಿರಬಹುದು, ಹೆದರಿ ಹೆಚ್ಚು ಬರೆದಿರಬಹುದು. ಹಾಗಿದ್ದರೆ ಶುದ್ಧ ಪ್ರತಿ ಸುಳ್ಳಲ್ಲ, ತಿದ್ದುಪಡಿ. ಅವಳು ಪರದೆಯ ಹಿಂದೆ ಕಳ್ಳಿಯಂತೆ ನಿಂತಳು. ಐವತ್ತೆರಡು ವರ್ಷದ ಹೆಂಗಸು, ವಿಭಾಗದ ಮುಖ್ಯಸ್ಥೆ, ಪರದೆಯ ಸಂದಿಗೆ ಕಣ್ಣಿಟ್ಟು. ಆ ಕಡೆ ಸಿಸ್ಟರ್ ಒಬ್ಬ ಮುದುಕಿಯ ಮಂಚದ ಪಕ್ಕ ನಿಂತಿದ್ದಳು, ಮುದುಕಿಯ ಮಣಿಕಟ್ಟನ್ನು ನಾಡಿ ನೋಡುವವಳ ಹಾಗೆ ಹಿಡಿದು, ಕಣ್ಣು ಮಾತ್ರ ಎದೆಯ ಮೇಲೆ. ಉಸಿರು ಎಣಿಸುತ್ತಿದ್ದಾರೆಂದು ತಿಳಿದರೆ ಮನುಷ್ಯರ ಉಸಿರು ಬದಲಾಗುತ್ತದೆ, ಅದಕ್ಕೆ ಆ ನಟನೆ. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಮುದುಕಿಯ ಮಗ ಬಂದು, ಊಟ ಯಾವಾಗ ಕೊಡ್ತೀರಾ, ಎಂದ. ಸಿಸ್ಟರ್ ಕೈ ಎತ್ತಿ ತಡೆದಳು. ಎಣಿಕೆ ತಪ್ಪಿತೇನೋ, ಗಡಿಯಾರ ನೋಡಿ ಮೊದಲಿನಿಂದ ಶುರುಮಾಡಿದಳು. ಪರದೆಯ ಹಿಂದೆ ಡಾಕ್ಟರಮ್ಮನೂ ಎಣಿಸಿದಳು. ಇಪ್ಪತ್ತೇಳು. ಸಿಸ್ಟರ್ ಬರೆದು ಅತ್ತ ಹೋದ ಮೇಲೆ ಬಗ್ಗಿ ನೋಡಿದಳು. ಇಪ್ಪತ್ತೇಳು. ಎದೆಯೊಳಗೆ ಏನೋ ಕುಸಿಯಿತು, ಆ ಕುಸಿದದ್ದು ನಿರಾಸೆ ಎಂದು ತಿಳಿದಾಗ ಕಿವಿಯ ತನಕ ಬಿಸಿಯಾಯಿತು. ಒಬ್ಬಳು ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದನ್ನು ಕಂಡು ನಿರಾಸೆಪಟ್ಟ ಡಾಕ್ಟರು. ಮೂವತ್ತು ವರ್ಷದ ವಿದ್ಯೆ ಬಂದು ನಿಂತದ್ದು ಇಲ್ಲಿ, ಈ ಪರದೆಯ ಹಿಂದೆ.

ಕೈ ತೊಳೆಯುವ ತೊಟ್ಟಿಯ ಹತ್ತಿರ ಸಿಸ್ಟರ್ ಸಿಕ್ಕಳು. ಡಾಕ್ಟರಮ್ಮ ನಲ್ಲಿ ತಿರುಗಿಸಿ, ಕೈ ತೊಳೆಯುವ ನೆಪದಲ್ಲಿ ಪಕ್ಕದಲ್ಲಿ ನಿಂತು, ಹೀಗೆ ಪೂರ್ತಿ ನಿಮಿಷ ಎಣಿಸಬೇಕೆಂದು ಯಾರು ಹೇಳಿಕೊಟ್ಟರು, ಎಂದು ಕೇಳಿದಳು. ತನ್ನ ಹೆಸರನ್ನೇ ಹೇಳಬಹುದು ಎನ್ನುವ ಒಂದು ಹಾಳು ಆಸೆ ಆ ಕ್ಷಣದಲ್ಲೂ ಇತ್ತು.

"ಯಾರೂ ಇಲ್ಲ ಮೇಡಂ," ಎಂದಳು ಸಿಸ್ಟರ್. "ಬೆಳಗ್ಗೆಯಿಂದ ಸಂಜೆವರೆಗೂ ಸಿಸ್ಟರ್ ಇಲ್ಲಿ ಬಾ, ಸಿಸ್ಟರ್ ಅಲ್ಲಿ ಹೋಗು. ಉಸಿರು ಎಣಿಸೋವಾಗ ಒಂದು ನಿಮಿಷ ಯಾರು ಕರೆದ್ರೂ ಹೋಗೋ ಹಾಗಿಲ್ಲ. ನಿಂತ್ಕೊಳಕ್ಕೆ ಸಿಗೋದು ಅದೊಂದೇ ಕೆಲ್ಸ."

ನಗು ಬಂತು, ಡಾಕ್ಟರಮ್ಮ ನಕ್ಕಳು. ಸಿಸ್ಟರ್ ನಗಲಿಲ್ಲ. ಬೆಳಿಗ್ಗೆ ಆಫೀಸಿಗೆ ಕರೆದಿದ್ದರಂತೆ. ನಿನ್ನ ಎಣಿಕೆ ಸರಿಯಿಲ್ಲ, ಇಡೀ ವಾರ್ಡಿಗೆ ಇಪ್ಪತ್ತು ಬರುವಾಗ ನಿನ್ನೊಬ್ಬಳಿಗೆ ಹೇಗೆ ನಲವತ್ತು ಬರುತ್ತದೆ, ಎಂದು ಕೇಳಿದರಂತೆ. ತಪ್ಪಾಯಿತೆಂದು ಬರೆದುಕೊಟ್ಟರೆ ಮಕ್ಕಳ ವಾರ್ಡಿಗೆ ಹಾಕುತ್ತಾರಂತೆ, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಬರುವುದು ಬೇಡವಂತೆ. ಇದನ್ನೆಲ್ಲ ಅವಳು ಒಂದೇ ಸಮನೆ, ಔಷಧಿಯ ಪಟ್ಟಿ ಓದುವವಳ ಹಾಗೆ ಹೇಳಿದಳು. ಬರೆದುಕೊಟ್ಟೆಯಾ, ಎಂದು ಡಾಕ್ಟರಮ್ಮ ಕೇಳಿದಳು.

"ಇನ್ನೂ ಇಲ್ಲ. ಮೂರು ಗಂಟೆಗೆ ಸಭೆ ಇದೆಯಲ್ಲ, ನೀವು ಏನು ಹೇಳ್ತೀರೋ ನೋಡ್ಕೊಂಡು ಬರೆಯೋಣ ಅಂತ." ಕೈ ಒರೆಸಿಕೊಂಡು, ಹೋಗುವಾಗ ತಿರುಗಿ, "ಫೋನಲ್ಲಿ ನಾನು ಹೇಳಕ್ಕೆ ಬಂದೆ ಮೇಡಂ. ನೀವು ಇಟ್ಬಿಟ್ರಿ," ಎಂದಳು. ದೂರಿನ ದನಿ ಅಲ್ಲ. ಹಾಳೆಯಲ್ಲಿ ಬರೆದ ಹಾಗೆ, ಆದದ್ದನ್ನು ಆದ ಹಾಗೆ.

ಊಟದ ಹೊತ್ತಿನ ರೌಂಡ್ಸಿನಲ್ಲಿ ಎಳೆಯ ಡಾಕ್ಟರುಗಳು ಎಂದಿನಂತೆ ಅವಳ ಹಿಂದೆ ಸಾಲುಗಟ್ಟಿದರು. ಅವಳು ಹಸಿರು ಬಟ್ಟೆಯನ್ನು ಮೂರನೇ ಮಂಚದ ಮಾನಿಟರಿನ ಮೇಲೆ ಹಾಕಿ, ಈಗ ಹೇಳಪ್ಪ, ಎಂದಳು, ಹಾಗೆ ಎಂದ ತನ್ನ ದನಿಯನ್ನೇ ಕೇಳಿಸಿಕೊಂಡಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆರು ಜೊತೆ ಕಣ್ಣುಗಳು. ಇವರ ಓದು, ಇವರ ಸೀಟು, ಹದಿನೆಂಟು ಮಂಚ, ಎಲ್ಲವೂ ಇವತ್ತಿನ ಅವಳ ಬಾಯಿಗೆ ನೇತುಬಿದ್ದಿವೆ. ಒಂದು ಸಹಿ ಹಾಕಿದರೆ ಎಲ್ಲ ಉಳಿಯುತ್ತದೆ, ಒಬ್ಬ ಸಿಸ್ಟರಿನ ಒಂದು ಹಾಳೆ ಬಿಟ್ಟು. ಈ ಆರು ಜನ ಮುಂದೆ ಆರು ನೂರು ಜನರನ್ನು ಬದುಕಿಸುವುದಿಲ್ಲವೇ? ತಕ್ಕಡಿಯಲ್ಲಿಟ್ಟರೆ ಯಾವುದು ತೂಗುತ್ತದೆಂದು ಕೇಳಬೇಕಾಗಿಯೇ ಇಲ್ಲ. ಮಂಚದ ಮೇಲಿನ ಹೆಂಗಸು ವೆಂಟಿಲೇಟರಿನ ಕೊಳವೆಯ ಆಚೆಯಿಂದ ಡಾಕ್ಟರಮ್ಮನನ್ನೇ ನೋಡುತ್ತಿದ್ದಳು. ಯಂತ್ರ ಕೊಡುವ ಉಸಿರಿನ ನಡುವೆ ತನ್ನದೇ ಒಂದು ಉಸಿರು ಎಳೆಯಲು ಅವಳು ಪ್ರಯತ್ನಿಸುತ್ತಿದ್ದಳು, ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತನ್ನ ತಾಳಕ್ಕೆ ಊದುತ್ತಿತ್ತು. ರೋಗಿ ಯಂತ್ರದ ಜೊತೆ ಜಗಳವಾಡುತ್ತಿದ್ದಾಳೆ ಮೇಡಂ, ನಿದ್ದೆಯ ಔಷಧಿ ಹೆಚ್ಚಿಸೋಣವೇ, ಎಂದ ಒಬ್ಬ ಎಳೆಯ. ಇವರ ಭಾಷೆಯೇ ಹಾಗೆ. ಉಸಿರಾಡಲು ಹೊರಟವರನ್ನು ಜಗಳಗಂಟರು ಎನ್ನುತ್ತಾರೆ. ಬೇಡ, ಅವಳದ್ದೇ ಸರಿ, ಯಂತ್ರವನ್ನು ಅವಳಿಗೆ ಹೊಂದಿಸಿ, ಎಂದು ಹೇಳಿ ಡಾಕ್ಟರಮ್ಮ ತಾನೇ ಗುಂಡಿ ತಿರುಗಿಸಿದಳು. ಯಂತ್ರ ಒಮ್ಮೆ ತಡವರಿಸಿ ಆ ಹೆಂಗಸಿನ ಉಸಿರಿಗೆ ಕಾಯತೊಡಗಿತು. ಹೆಂಗಸು ಕಣ್ಣು ಮುಚ್ಚಿಕೊಂಡಳು.

ಎರಡೂವರೆಗೆ ಸೂಪರಿಂಟೆಂಡೆಂಟನ ಕೋಣೆ. ಬಾಗಿಲಿಗೆ ಎದ್ದು ಬಂದು ಕರೆದುಕೊಂಡ, ತಾನೇ ಕುರ್ಚಿ ಎಳೆದುಕೊಟ್ಟ, ಇಬ್ಬರಿಗೂ ಕಾಫಿ ತರಿಸಿದ. ಮೈ ತುಂಬಿ ಹೊಟ್ಟೆ ಬಂದಿದ್ದರೂ ಕತ್ತು ಮಾತ್ರ ಅದೇ ಒಂಟೆಯ ಕತ್ತು. ಒಳ್ಳೆಯವನು. ಅವಳ ಬಾಣಂತನದಲ್ಲಿ ಎರಡು ತಿಂಗಳು ಅವಳ ಪಾಳಿಯನ್ನೂ ತಾನೇ ಮಾಡಿದವನು, ಮೇಷ್ಟ್ರ ಹೆಣಕ್ಕೆ ಅವಳ ಜೊತೆ ಹೆಗಲು ಕೊಟ್ಟವನು. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವನು ಶುದ್ಧ ಪ್ರತಿಯನ್ನು ಮೇಜಿನ ಮೇಲಿಟ್ಟು, ನೀನು ಓದುವುದೂ ಬೇಡ, ನಾನೇ ಓದುತ್ತೇನೆ ಎಂದು ಕನ್ನಡಕ ಏರಿಸಿದ. ಏಳಕ್ಕೆ ಇಪ್ಪತ್ತು, ಎಂಟಕ್ಕೆ ಇಪ್ಪತ್ತು, ಒಂಬತ್ತಕ್ಕೆ ಇಪ್ಪತ್ತೆರಡು. ಹನ್ನೆರಡರವರೆಗೆ ರೋಗಿ ಸ್ಥಿರ. ಒಂದೂವರೆಗೆ ಅನಿರೀಕ್ಷಿತವಾಗಿ, ಎಂದು ಓದಿ, ಅಲ್ಲಿ ಉಸಿರು ಎಳೆದುಕೊಂಡು, ಹದಗೆಟ್ಟಿತು, ಎಂದ. ಅವಳಿಗೆ ಅಪ್ಪನ ಬೆನ್ನು ನೆನಪಾಯಿತು. ಅಪ್ಪ ಬೆಳಿಗ್ಗೆ ಗಟ್ಟಿಯಾಗಿ ಪದ್ಯ ಓದುವಾಗ ಅವಳು ಹಿಂದೆ ಕೂತು ಅವನ ಬೆನ್ನಿಗೆ ಕಿವಿ ಇಟ್ಟುಕೊಳ್ಳುತ್ತಿದ್ದಳು. ಮಾತು ಕೇಳಿಸುವ ಮೊದಲೇ ಬೆನ್ನು ಉಬ್ಬುತ್ತಿತ್ತು, ಉಬ್ಬಿದ್ದರಲ್ಲೇ ಬರಲಿರುವ ಸಾಲು ಎಷ್ಟು ಉದ್ದವೆಂದು ಗೊತ್ತಾಗುತ್ತಿತ್ತು. ಅರ್ಥ ಬಲ್ಲವನು ಉಸಿರನ್ನು ಸಾಲಿನ ಕೊನೆಗೆ ತರುತ್ತಾನೆ ಮಗಳೇ, ಅರ್ಥ ಬೇಡವಾದವನು ಸಿಕ್ಕಲ್ಲಿ ಎಳೆಯುತ್ತಾನೆ, ಎನ್ನುತ್ತಿದ್ದ ಅಪ್ಪ. ಒಂಟೆ ಪ್ರತಿ ಸಾಲಿನಲ್ಲೂ ಸಿಕ್ಕಲ್ಲಿ ಎಳೆಯುತ್ತಿದ್ದ.

ಮೂಲ ಹಾಳೆ ಏನಾಗುತ್ತದೆ, ಎಂದು ಅವಳು ಕೇಳಿದಳು. ಅದು ಸಿಗುವುದಿಲ್ಲ ಬಿಡು, ಎಂದ. ಅವಳು ಕಂಕುಳಿನಿಂದ ಕಡತ ತೆಗೆದು ಮೇಜಿನ ಮೇಲೆ, ಶುದ್ಧ ಪ್ರತಿಯ ಪಕ್ಕಕ್ಕೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ನೋಡು, ಸತ್ತೋನು ಎದ್ದು ಬರಲ್ಲ," ಎಂದ. "ಇದು ಹೊರಗೆ ಬಂದ್ರೆ ತರಬೇತಿ ವಿಭಾಗ ಹೋಯ್ತು. ನಿನ್ನ ಕುರ್ಚಿ ಹೋಯ್ತು. ನಾಳೆ ಯಾವನೋ ಬಂದು ಕೂರ್ತಾನೆ, ಅವನ ಕೈಲಿ ಇನ್ನೂ ಹತ್ತು ಜನ ಸಾಯ್ತಾರೆ. ಅದು ನಿಂಗೆ ಪುಣ್ಯನಾ?"

ಅದೇ ಪ್ರಶ್ನೆಯನ್ನು ಅವಳು ತಾನೇ ಕೇಳಿಕೊಂಡಿದ್ದಳು, ಒಂದು ಗಂಟೆಯ ಹಿಂದೆ, ಇದಕ್ಕಿಂತ ಚೆನ್ನಾದ ಮಾತುಗಳಲ್ಲಿ. ಈಗ ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಅದು ಎಷ್ಟು ಹಳಸಿತ್ತೆಂದು ವಾಸನೆ ಬಂತು. ಒಳಗೆ ಬಹಳ ದಿನದಿಂದ ಮುದುಡಿ ಕೂತಿದ್ದ ಯಾವುದೋ ಒಂದು ಸೆಟೆದು ಎದ್ದಿತು. ಶ್ವಾಸಕೋಶ ನಿನಗಲ್ಲ ಎಂದವರ ಎದುರು ಎದ್ದಿದ್ದೂ ಇದೇ. ಕಾಫಿಯ ಲೋಟವನ್ನು ದೂರ ಸರಿಸಿ, ಅವಳು ಸಾವಕಾಶವಾಗಿ ಹೇಳಿದಳು: ಸಭೆಯಲ್ಲಿ ನಾನೇ ಮೊದಲು ಮಾತಾಡುತ್ತೇನೆ. ಹತ್ತು ಹತ್ತಕ್ಕೆ ಫೋನು ಬಂದದ್ದು ನನಗೆ. ಒಂದು ಸಂಖ್ಯೆ ಕೇಳಿ ಇನ್ನೊಂದನ್ನು ಕೇಳದೆ ಇಟ್ಟವಳು ನಾನು. ಆ ಹುಡುಗಿಯ ಎಣಿಕೆ ಸರಿಯಾಗಿದೆ, ಪರೀಕ್ಷೆ ಮಾಡಿ ನೋಡಿದ್ದೇನೆ, ಪರೀಕ್ಷೆ ಮಾಡಿದ್ದಕ್ಕೆ ನಾಚಿಕೆಯೂ ಆಗಿದೆ. ಸಭೆ ಮುಗಿದ ಮೇಲೆ ಬೇಕರಿಯವನ ಮನೆಗೆ ಹೋಗುತ್ತೇನೆ. ಅವನ ಹೆಂಡತಿಗೆ ತಡವಾದದ್ದು ನಿಮ್ಮಿಂದಲ್ಲ ಎಂದು ಹೇಳಬೇಕಿದೆ. ಅವರು ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ. ಆಮೇಲೆ ಕುರ್ಚಿ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಮಂಚದ ಪಕ್ಕ ನಿಲ್ಲುವುದಕ್ಕೆ ಕುರ್ಚಿ ಬೇಕಾಗಿಲ್ಲ.

ಅವನು ಕೇಳುತ್ತ ಕೇಳುತ್ತ ಕತ್ತನ್ನು ಹೆಗಲೊಳಗೆ ಎಳೆದುಕೊಂಡಿದ್ದ. ಹೊರಗಿನ ಓಣಿಯಲ್ಲಿ ಸಭೆಗೆ ಬರುವವರ ಹೆಜ್ಜೆಗಳು, ಕುರ್ಚಿ ಎಳೆಯುವ ಸದ್ದು. ಅವನು ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಶುದ್ಧ ಪ್ರತಿಯ ಮೇಲೆ ಅಡ್ಡಲಾಗಿ ಇಟ್ಟು, ಅವಳ ಕಡೆಗೆ ಮೆಲ್ಲಗೆ ದೂಡಿದ. ದನಿ ಇಳಿದಿತ್ತು. ಸೂಪರಿಂಟೆಂಡೆಂಟನ ದನಿ ಅಲ್ಲ, ಓದುವ ದಿನಗಳಲ್ಲಿ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ತುತ್ತು ಹಂಚಿಕೊಂಡವನ ದನಿ.

"ಮೂವತ್ತು ವರ್ಷದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲ ಕಣೇ. ಇದೊಂದು ಕೇಳ್ತಿದೀನಿ. ಒಂದು ಸಹಿ."

"ಹಾಕಲ್ಲ ಕಣೋ," ಎಂದಳು ಅವಳು. "ನೀನು ಕೇಳಿದ್ರೂ ಹಾಕಲ್ಲ."